ಆಸ್ಪರಾಗಸ್ ಕುಡಿ ಸಣಕಲಾದರೆ ಮೊದಲು ಹಗೇವು ನೋಡಿ: ಬೀದರಿನ ಕೆಮ್ಮಣ್ಣಿನಿಂದ ಒಂದು ದೋಷ ನಿವಾರಣೆ ಕೈಪಿಡಿ

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನನ್ನ ಮೊಬೈಲಿಗೆ ಮೂರು ನಾಲ್ಕು ಕರೆಗಳು ತಪ್ಪದೆ ಬರುತ್ತವೆ. ಎಲ್ಲರದೂ ಒಂದೇ ದೂರು: "ಆಸ್ಪರಾಗಸ್ ಕುಡಿ ಊದುಬತ್ತಿ ಕಡ್ಡಿಯಷ್ಟು ಸಣ್ಣಗೆ ಬರುತ್ತಿದೆ. ಯಾವ ಗೊಬ್ಬರ ಹಾಕಲಿ?" ನಾನು ಗೊಬ್ಬರದ ಹೆಸರು ಹೇಳುವುದಿಲ್ಲ. ಮಳೆಗಾಲದಲ್ಲಿ ಪೊದೆ ಎಷ್ಟೆತ್ತರ ಬೆಳೆದಿತ್ತು, ಅದನ್ನು ಯಾವಾಗ ಕತ್ತರಿಸಿದಿರಿ, ಕತ್ತರಿಸುವಾಗ ಹಸಿರಾಗಿತ್ತೋ ಹಳದಿಯಾಗಿತ್ತೋ ಎಂದು ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿದಂತೆ.

ಬೀದರ್ ಊರ ಹೊರಗೆ ಐದು ಗುಂಟೆ ಕೆಮ್ಮಣ್ಣಿನಲ್ಲಿ ಆಸ್ಪರಾಗಸ್ ಎಂಬ ಈ ಕುಡಿ ತರಕಾರಿಯ ಸುಮಾರು 800 ಗಿಡ ಇಟ್ಟುಕೊಂಡಿದ್ದೇನೆ. ಇಟ್ಟು ಏಳು ವರ್ಷವಾಯಿತು. ಈ ಬೆಳೆಯಲ್ಲಿ ಮಾಡಬಹುದಾದ ತಪ್ಪುಗಳಲ್ಲಿ ಬಹುಪಾಲು ನಾನೇ ಮಾಡಿದ್ದೇನೆ; ನಾನು ಬಿಟ್ಟವನ್ನು ಆಳಂದದ ಹತ್ತಿರ ಎರೆ ಹೊಲವಿರುವ ನನ್ನ ಭಾವ ಪೂರೈಸಿದ್ದಾರೆ. ಈ ಬರಹ ಇಬ್ಬರ ಖರ್ಚಿನಲ್ಲಿ ತಯಾರಾದದ್ದು.

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಇಡುತ್ತಿದ್ದರು. ಬೇಸಿಗೆಯಲ್ಲಿ ಹಗೇವಿನ ಬಾಯಿ ತೆಗೆದಾಗ ಎಷ್ಟು ಚೀಲ ಮೇಲೆ ಬಂದೀತು ಎಂಬುದು ಸುಗ್ಗಿಯಲ್ಲಿ ಎಷ್ಟು ಸುರಿದಿದ್ದೆವು ಎಂಬುದರ ಮೇಲೆ ನಿಂತಿತ್ತು. ಆಸ್ಪರಾಗಸ್ ಗಿಡದ ಲೆಕ್ಕವೂ ಇದೇ. ನೆಲದೊಳಗೆ ಒಂದು ಗೆಡ್ಡೆ, ಅದರ ಸುತ್ತ ಜೇಡನ ಕಾಲಿನಂತೆ ಹರಡಿದ ದಪ್ಪ ಬೇರುಗಳು. ನರ್ಸರಿಯವರು ಇದನ್ನೆಲ್ಲ ಸೇರಿಸಿ 'ಕ್ರೌನ್' ಎನ್ನುತ್ತಾರೆ. ನಾವು ತಿನ್ನುವ ಕುಡಿ ಎಲೆ ಬಿಡುವ ಮೊದಲೇ ಮೇಲೆ ಬರುವ ಎಳೆ ದಂಟು. ಅದು ಬೆಳೆಯುವುದು ಬೇರಿನಲ್ಲಿ ಕೂಡಿಟ್ಟ ಸಕ್ಕರೆಯಿಂದ. ಕೊಯ್ಯದೆ ಬಿಟ್ಟ ಕುಡಿ ಆಳೆತ್ತರಕ್ಕೆ ಬೆಳೆದು, ನವಿರಾದ ಹಸಿರು ಪೊದೆಯಾಗಿ, ಬಿಸಿಲು ಕುಡಿದು, ಮತ್ತೆ ಬೇರಿಗೆ ಸಕ್ಕರೆ ಇಳಿಸುತ್ತದೆ. ಕೊಯ್ದದ್ದು ಖರ್ಚು, ಬಿಟ್ಟದ್ದು ಜಮಾ. ಹಾಗಾಗಿ ಇಂದು ಕಣ್ಣಿಗೆ ಬಿದ್ದ ದೋಷ ಸಾಮಾನ್ಯವಾಗಿ ಇಂದಿನದಲ್ಲ, ಆರು ತಿಂಗಳು ಹಿಂದಿನದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲ ಪ್ರಶ್ನೆ: ನೆಟ್ಟದ್ದು ಆಸ್ಪರಾಗಸ್ ಹೌದೇ?

ನಗಬೇಡಿ. ನಾನು ಮೊದಲು ತಂದ ನಲವತ್ತು ಗಿಡ ಆಸ್ಪರಾಗಸ್ ಆಗಿರಲಿಲ್ಲ. ನರ್ಸರಿಯಲ್ಲಿ ಕೇಳಿದಾಗ "ಶತಾವರಿ ತಾನೇ? ಇದೆ" ಎಂದರು. ಮರಾಠಿ, ಹಿಂದಿ ಮಾತಾಡುವ ವ್ಯಾಪಾರಿಗಳು ತರಕಾರಿ ಆಸ್ಪರಾಗಸ್ಸಿಗೂ ಶತಾವರಿ ಎಂದೇ ಹೇಳುವುದುಂಟು, ಆದ್ದರಿಂದ ನಾನೂ ಒಪ್ಪಿಕೊಂಡೆ. ಎರಡು ಮಳೆಗಾಲ ಕಳೆಯಿತು. ಗಿಡ ಬೇಲಿಯನ್ನು ಹಿಡಿದು ಬೇವಿನ ಮರಕ್ಕೆ ಹತ್ತಿತು, ಬಳ್ಳಿಯ ತುಂಬ ಕೊಕ್ಕೆ ಮುಳ್ಳು. ನಮ್ಮ ಅವ್ವ ಮಾತ್ರ ಖುಷಿಯಾಗಿದ್ದಳು. "ಇದು ಹಲವು ಮಕ್ಕಳ ತಾಯಿ ಬೇರು, ಎಲ್ಲಿ ಸಿಕ್ಕಿತು ನಿನಗೆ?" ಎಂದು ಕೇಳಿದಳು. ಔಷಧಿಯ ಶತಾವರಿ ಅದು. ಆಸ್ಪರಾಗಸ್ಸಿನ ದಾಯಾದಿ ಹೌದು, ಆದರೆ ಹೋಟೆಲಿನವರು ಕೇಳುವ ಕುಡಿ ಅದರಿಂದ ಬರುವುದಿಲ್ಲ.

ಪರೀಕ್ಷೆ ಸುಲಭ. ದಂಟನ್ನು ಬುಡದಿಂದ ಮೇಲಕ್ಕೆ ಬೆರಳಿನಿಂದ ಸವರಿ. ಮುಳ್ಳು ಕೈಗೆ ಚುಚ್ಚಿದರೆ ಅದು ಶತಾವರಿ, ಇಲ್ಲವೇ ಹೂಗುಚ್ಛಕ್ಕೆ ಸಿಕ್ಕಿಸುವ ಅಲಂಕಾರದ ಜಾತಿ. ತಿನ್ನುವ ಆಸ್ಪರಾಗಸ್ ಚುಚ್ಚುವುದಿಲ್ಲ, ಬಳ್ಳಿಯಂತೆ ಸುತ್ತಿಕೊಂಡು ಹತ್ತುವುದೂ ಇಲ್ಲ. ಹೂವನ್ನೂ ನೋಡಬಹುದು: ಶತಾವರಿಯದು ಬಿಳಿ, ಘಮಘಮ ಎನ್ನುತ್ತದೆ, ಆಸ್ಪರಾಗಸ್ಸಿನದು ಹಳದಿ ಮಿಶ್ರಿತ ಹಸಿರು, ಪುಟ್ಟ ಗಂಟೆಯಂತೆ ಜೋತುಬಿದ್ದಿರುತ್ತದೆ. ಹೆಣ್ಣು ಗಿಡದಲ್ಲಿ ಕೆಂಪು ಹಣ್ಣು ಬಿಟ್ಟಾಗ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಅದು ತಿನ್ನುವ ಹಣ್ಣಲ್ಲ.

ಬೀದರಿನಂಥ ಊರಿನಲ್ಲಿ ಇನ್ನೊಂದು ಹೆಸರೂ ಕಿವಿಗೆ ಬೀಳಬಹುದು. ಯುನಾನಿ ವೈದ್ಯರ ಬಾಯಲ್ಲಿ ಆಸ್ಪರಾಗಸ್ 'ಹಲ್ಯೂನ್', ಅರಬ್ಬಿಯಿಂದ ಬಂದ ಮಾತು. ಔಷಧಿ ಅಂಗಡಿಯ ಬೀಜ ಎಷ್ಟು ಹಳೆಯದೋ ಯಾರಿಗೂ ತಿಳಿಯದು. ಬಿತ್ತಲು ಅದನ್ನು ತರಬೇಡಿ.

ಬೀಜ ಮೊಳೆಯಲಿಲ್ಲ

ಬಹಳಷ್ಟು ಸಲ ಮೊಳೆತಿರುತ್ತದೆ, ನೀವೇ ಕಿತ್ತಿರುತ್ತೀರಿ. ಆಸ್ಪರಾಗಸ್ ಸಸಿ ಮೊದಲ ತಿಂಗಳು ಹಸಿರು ನೂಲಿನ ತುಂಡಿನಂತೆ ಕಾಣುತ್ತದೆ. ನನ್ನ ಹೊಲದಲ್ಲಿ ಕಸ ತೆಗೆಯಲು ಬಂದ ಹೆಣ್ಣುಮಕ್ಕಳು ಒಂದೇ ಬೆಳಿಗ್ಗೆ ಅರ್ಧ ಮಡಿ ಚೊಕ್ಕಟ ಮಾಡಿದ್ದರು. ಅವರ ತಪ್ಪಲ್ಲ, ಗುರುತಿಗೆ ಸಾಲಿನಲ್ಲಿ ನಾಲ್ಕು ಮೂಲಂಗಿ ಬೀಜ ಉದುರಿಸುವ ಬುದ್ಧಿ ನನಗೆ ಇರಬೇಕಿತ್ತು.

ನಿಜವಾಗಿಯೂ ಮೊಳೆಯದಿದ್ದರೆ ಕಾರಣ ಎರಡು. ಬೀಜದ ಸಿಪ್ಪೆ ಗಟ್ಟಿ, ಒಂದು ದಿನ ನೀರಿನಲ್ಲಿ ನೆನೆಸಬೇಕು. ಮಣ್ಣಿನ ಶಾಖ 25ರಿಂದ 30 ಡಿಗ್ರಿ ಇದ್ದರೆ ಎರಡು ಮೂರು ವಾರದಲ್ಲಿ ಏಳುತ್ತದೆ. ಜನವರಿಯ ಚಳಿಯಲ್ಲಿ ಬಿತ್ತಿ ಹತ್ತನೆಯ ದಿನಕ್ಕೆ ಕೆದಕಿ ನೋಡಿದರೆ ಏನೂ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಬಿತ್ತಿದರೆ ಮೇಲಿನ ಒಂದು ಅಂಗುಲ ಮಣ್ಣು ಮಧ್ಯಾಹ್ನದೊಳಗೆ ಬಾಣಲೆಯಂತೆ ಕಾಯುತ್ತದೆ. ಮುಂಗಾರು ಹಿಡಿದ ಮೇಲೆ ನೆರಳು ಬಲೆಯ ಕೆಳಗೆ ಟ್ರೇಯಲ್ಲಿ ಬಿತ್ತಿ.

ಕುಡಿ ಸಣ್ಣ, ಸಂಖ್ಯೆಯೂ ಕಡಿಮೆ

ಇದೇ ದೊಡ್ಡ ದೂರು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಕಿರುಬೆರಳಿನಷ್ಟು ದಪ್ಪದ ಕುಡಿ ಬರಬೇಕಾದ ಕಡೆ ಕಡ್ಡಿ ಬರುತ್ತಿದ್ದರೆ ನಾನು ಕೇಳುವ ಪ್ರಶ್ನೆಗಳು ಇದೇ ಕ್ರಮದಲ್ಲಿ ಇರುತ್ತವೆ.

ಗಿಡಕ್ಕೆ ವಯಸ್ಸೆಷ್ಟು? ಬೀಜದಿಂದ ಬೆಳೆಸಿದ್ದರೆ ಮೊದಲ ಎರಡು ವರ್ಷ ಬಂದ ಕುಡಿಯನ್ನೆಲ್ಲ ಪೊದೆಯಾಗಲು ಬಿಡಬೇಕು. ಮೂರನೆಯ ವರ್ಷ ಎರಡು ಮೂರು ವಾರ ಕೊಯ್ದು ಕೈ ಬಿಡಬೇಕು. ಒಂದೂವರೆ ವರ್ಷದ ಗಿಡ ಸಣ್ಣ ಕುಡಿ ಕೊಟ್ಟರೆ ಅದು ದೋಷವಲ್ಲ, ಎಳೆಗರು ಹಾಲು ಕೊಡಲಿಲ್ಲ ಎಂದು ದೂರಿದಂತೆ.

ಹೋದ ಸಲ ಎಷ್ಟು ದಿನ ಕೊಯ್ದಿರಿ? ದರ ಚೆನ್ನಾಗಿದೆ ಎಂದು ಇನ್ನೊಂದು ವಾರ, ಮತ್ತೊಂದು ವಾರ ಎಂದು ಎಳೆದಿರಿ ಎಂದಾದರೆ ಹಗೇವಿನ ತಳ ಕೆರೆದಿದ್ದೀರಿ. ಇದಕ್ಕೇ ಜರ್ಮನಿಯಲ್ಲಿ ಜೂನ್ 24ಕ್ಕೆ ಕೊಯ್ಲು ನಿಲ್ಲಿಸುವ ರೂಢಿ ಹಿಂದಿನಿಂದ ಬಂದಿದೆ. ಅಂದು ಅವರಿಗೆ ಸಂತ ಯೋಹಾನರ ಹಬ್ಬ. ಹೊಲದವನ ಆಸೆಗೆ ಕಡಿವಾಣ ಹಾಕಲು ಹಬ್ಬಕ್ಕಿಂತ ಒಳ್ಳೆಯ ಗಡುವು ಇಲ್ಲ. ನಾನು ಮಹಾಶಿವರಾತ್ರಿಯನ್ನು ಆರಿಸಿಕೊಂಡಿದ್ದೇನೆ. ಅಂದಿನಿಂದ ಒಂದು ಕುಡಿಗೂ ಚಾಕು ತಾಗಿಸುವುದಿಲ್ಲ, ಹೈದರಾಬಾದಿನಿಂದ ಯಾರು ಕರೆ ಮಾಡಿದರೂ ಸರಿ.

ಪೊದೆಯನ್ನು ಯಾವಾಗ ಕತ್ತರಿಸಿದಿರಿ? ನನ್ನ ಎರಡನೆಯ ದೊಡ್ಡ ತಪ್ಪು ಇಲ್ಲಿತ್ತು. ದೀಪಾವಳಿಗೆ ಹೊಲ ಚೊಕ್ಕಟವಾಗಿ ಕಾಣಲಿ ಎಂದು ಹಚ್ಚಗಿದ್ದ ಪೊದೆಯನ್ನು ನೆಲಸಮ ಮಾಡಿದೆ. ಬೇರಿಗೆ ಇಳಿಯಬೇಕಿದ್ದ ಸಕ್ಕರೆಯನ್ನು ತಿಪ್ಪೆಗೆ ಹಾಕಿದಂತಾಯಿತು. ಆ ಚಳಿಗಾಲ ಬಂದ ಕುಡಿಗಳನ್ನು ಕಟ್ಟಿಗೆ ಇಪ್ಪತ್ತರಂತೆ ಕಟ್ಟಿದರೂ ಕಟ್ಟು ಕೈಗೆ ತುಂಬುತ್ತಿರಲಿಲ್ಲ. ಪೊದೆ ಹಳದಿಗೆ ತಿರುಗುವವರೆಗೆ ಕಾಯಬೇಕು.

ಆದರೆ ಬೀದರಿನಲ್ಲಿ ಅದು ತಾನಾಗಿ ಪೂರ್ತಿ ಹಳದಿಯಾಗುವುದೇ ಇಲ್ಲ. ಇಲ್ಲಿನ ಗುಟ್ಟೇ ಇದು. ಆಸ್ಪರಾಗಸ್ ಚಳಿದೇಶದ ರೂಢಿಯ ಗಿಡ: ಹಿಮ ಬಿದ್ದರೆ ಮಲಗುತ್ತದೆ, ಬೆಚ್ಚಗಾದರೆ ಏಳುತ್ತದೆ. ಡಿಸೆಂಬರ್‌ನಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಉಷ್ಣಾಂಶ ಎಂದು ಬೀದರಿನ ಹೆಸರು ಪತ್ರಿಕೆಯಲ್ಲಿ ಆಗಾಗ ಬರುತ್ತದೆ, ನಿಜ; ಆದರೂ ಈ ಗಿಡಕ್ಕೆ ಅದು ನಿದ್ದೆ ಬರಿಸುವ ಚಳಿಯಲ್ಲ. ಪೆರುವಿನ ಕರಾವಳಿ ಮರುಭೂಮಿಯಲ್ಲೂ ಚಳಿಯಿಲ್ಲ, ಅಲ್ಲಿನ ಬೆಳೆಗಾರರು ನೀರು ನಿಲ್ಲಿಸಿ ಗಿಡವನ್ನು ಮಲಗಿಸುತ್ತಾರೆ. ತೈವಾನ್, ಥಾಯ್ಲೆಂಡ್ ಕಡೆ ಇನ್ನೊಂದು ದಾರಿ: ಪ್ರತಿ ಗಿಡದಲ್ಲಿ ನಾಲ್ಕೈದು ಗಟ್ಟಿ ದಂಟುಗಳನ್ನು ತಾಯಿಯಾಗಿ ನಿಲ್ಲಿಸಿ, ಸುತ್ತ ಏಳುವ ಮಕ್ಕಳನ್ನು ಕೊಯ್ಯುತ್ತಾರೆ. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮಾ ನಡೆದೇ ಇರುತ್ತದೆ.

ನಾನು ಎರಡನ್ನೂ ಕಲಸಿಕೊಂಡಿದ್ದೇನೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಹನಿ ನೀರಾವರಿಯ ಗೇಟ್ ವಾಲ್ವ್ ಮುಚ್ಚುತ್ತೇನೆ. ಕೆಮ್ಮಣ್ಣು ಬೇಗ ಒಣಗುತ್ತದೆ, ಮೂರು ನಾಲ್ಕು ವಾರದಲ್ಲಿ ಪೊದೆ ಹಳದಿಯಾಗುತ್ತದೆ. ಆಗ ಬುಡಕ್ಕೆ ಕತ್ತರಿಸಿ, ಎರಡು ಬೆರಳು ದಪ್ಪ ತಿಪ್ಪೆಗೊಬ್ಬರ ಹರಡಿ, ನೀರು ಬಿಡುತ್ತೇನೆ. ಮೊದಲು ಏಳುವ ಕುಡಿಗಳಲ್ಲಿ ದಪ್ಪನೆಯ ನಾಲ್ಕನ್ನು ತಾಯಿ ದಂಟಾಗಿ ಬಿಟ್ಟು ಉಳಿದದ್ದನ್ನು ಕೊಯ್ಯುತ್ತೇನೆ. ಆ ನಾಲ್ಕನ್ನು ಆರಿಸುವಾಗ ಕೈ ಹಿಂಜರಿಯುತ್ತದೆ. ಮಾರಿದರೆ ಒಳ್ಳೆಯ ದರ ಬರುವ ಕುಡಿಗಳೇ ಅವು. ಸಣಕಲನ್ನು ತಾಯಿ ಮಾಡಿ ದಪ್ಪನ್ನು ಮಾರಿದ ವರ್ಷ ನನಗೆ ಮಕ್ಕಳೂ ಸಣಕಲೇ ಬಂದವು.

ಕಸ ಎಷ್ಟಿದೆ? ಕರಿಕೆ ಮತ್ತು ಜೇಕು ಆಸ್ಪರಾಗಸ್ ಸಾಲಿಗೆ ಹೊಕ್ಕರೆ ನೀರು, ಗೊಬ್ಬರ ಎರಡನ್ನೂ ಮೊದಲು ಅವೇ ಉಣ್ಣುತ್ತವೆ. ಗಿಡ ಇಟ್ಟ ಮೇಲೆ ಆಳವಾಗಿ ಕೆದಕುವಂತಿಲ್ಲ, ಗೆಡ್ಡೆಗೆ ಪೆಟ್ಟಾಗುತ್ತದೆ. ಆದ್ದರಿಂದ ಜೇಕು ಇರುವ ಹೊಲದಲ್ಲಿ ಮೊದಲು ಒಂದು ವರ್ಷ ಬೇರೆ ಬೆಳೆ ಹಾಕಿ, ಜೇಕಿನ ಗಡ್ಡೆ ಆರಿಸಿ ತೆಗೆದು, ಆಮೇಲೆ ಇದಕ್ಕೆ ಕೈ ಹಾಕಿ. ಉಪ್ಪು ಹಾಕಿದರೆ ಕಸ ಸಾಯುತ್ತದೆ, ಆಸ್ಪರಾಗಸ್ ತಾಳುತ್ತದೆ ಎಂದು ಯಾರಾದರೂ ಹೇಳಿಯಾರು. ಈ ಗಿಡ ಉಪ್ಪನ್ನು ಸ್ವಲ್ಪ ತಾಳುತ್ತದೆ ಎಂಬುದು ನಿಜ, ಯುರೋಪಿನಲ್ಲಿ ಹಿಂದೆ ಹಾಗೆ ಮಾಡುತ್ತಿದ್ದದ್ದೂ ಉಂಟು. ಆದರೆ ಶಹಾಪುರ, ಸುರಪುರ ಕಡೆ ಕಾಲುವೆ ನೀರು ಕುಡಿದು ಕುಡಿದು ಸವುಳಾದ ಹೊಲ ನೋಡಿದವರು ಯಾರೂ ತಮ್ಮ ಕೈಯಾರೆ ಮಣ್ಣಿಗೆ ಉಪ್ಪು ಹಾಕುವುದಿಲ್ಲ.

ಇಷ್ಟು ಕೇಳಿಯೂ ಕಾರಣ ಸಿಗದಿದ್ದರೆ ಅಗೆಯುವುದೇ ದಾರಿ.

ಒಂದು ಗಿಡ ಅಗೆದು ನೋಡುವುದು

ಸಾಲಿನ ತುದಿಯ ಒಂದು ಗಿಡವನ್ನು ಇದಕ್ಕಾಗಿ ಬಲಿ ಕೊಡಿ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಗುದ್ದಲಿ ಹಾಕಿ, ಹತ್ತಿರ ಬಂದಂತೆ ಕುರುಪಿ ಹಿಡಿಯಿರಿ. ಮೊದಲು ಗೆಡ್ಡೆಯ ತಲೆ ಎಷ್ಟು ಆಳದಲ್ಲಿದೆ ಎಂದು ಅಳೆಯಿರಿ. 15ರಿಂದ 20 ಸೆಂಟಿಮೀಟರ್ ಇದ್ದರೆ ಸರಿ. ಗೆಡ್ಡೆ ವರ್ಷದಿಂದ ವರ್ಷಕ್ಕೆ ಮೇಲೇರುವ ಸ್ವಭಾವದ್ದು. ಮೇಲ್ಮಣ್ಣು ಮಳೆಗೆ ಕೊಚ್ಚಿಹೋದರಂತೂ ಬೇಗ ಹೊರಗೆ ಇಣುಕುತ್ತದೆ. ಮೇಲೆ ಬಂದ ಗೆಡ್ಡೆ ಹೆಚ್ಚು ಕುಡಿ ಕೊಡುತ್ತದೆ, ಆದರೆ ಎಲ್ಲವೂ ಸಣ್ಣ. ಮಣ್ಣು ಏರಿಸಿದರೆ ಈ ದೋಷ ಮುಂದಿನ ವರ್ಷಕ್ಕೆ ಸರಿಹೋಗುತ್ತದೆ.

ಈಗ ದಪ್ಪ ಬೇರೊಂದನ್ನು ಮುರಿಯಿರಿ. ಒಳ್ಳೆಯ ಬೇರು ಪೆನ್ಸಿಲ್ ದಪ್ಪ, ಕೆನೆ ಬಣ್ಣ. ಎಳೆ ಸವತೆಯಂತೆ ಚಟ್ಟೆಂದು ಮುರಿಯುತ್ತದೆ, ಮುರಿದ ಬಾಯಿಯಲ್ಲಿ ರಸ ಜಿನುಗುತ್ತದೆ. ನಾಲಿಗೆಗೆ ತಾಗಿಸಿದರೆ ಸಿಹಿ. ದ್ರಾಕ್ಷಿ ತೋಟದವರ ಬಳಿ ಇರುವ ಬ್ರಿಕ್ಸ್ ಮೀಟರ್ ಸಿಕ್ಕರೆ ರಸ ಹಿಂಡಿ ಅಳೆಯಬಹುದು, ಹೊರದೇಶದ ದೊಡ್ಡ ಬೆಳೆಗಾರರು ಹೀಗೆಯೇ ಬೇರಿನ ಸಕ್ಕರೆ ನೋಡಿ ಕೊಯ್ಲಿನ ದಿನ ಗೊತ್ತುಮಾಡುತ್ತಾರೆ. ನಾನು ಸಂಖ್ಯೆಗೆ ಅಂಟಿಕೊಳ್ಳುವುದಿಲ್ಲ. ಚೆನ್ನಾಗಿರುವ ಗಿಡದ ಬೇರನ್ನೂ ಸೊರಗಿದ ಗಿಡದ ಬೇರನ್ನೂ ಒಂದೇ ಬೆಳಿಗ್ಗೆ ಅಳೆದು ಹೋಲಿಸುತ್ತೇನೆ.

ಬೇರು ಮೆತ್ತಗಾಗಿ ಬಾಗಿದರೆ, ಸಿಹಿ ಇಲ್ಲದಿದ್ದರೆ, ಬರೀ ಹಸಿವು: ಒಂದು ವರ್ಷ ಕೊಯ್ಯದೆ ಬಿಡಿ. ಒತ್ತಿದರೆ ಒಳಗಿನ ತಿರುಳೇ ಇಲ್ಲದೆ ಸಿಪ್ಪೆ ಮಾತ್ರ ಕೈಗೆ ಬಂದರೆ, ಸೀಳಿದಾಗ ಕೆಂಗಂದು ಬಣ್ಣದ ಗೆರೆ ಕಂಡರೆ, ಅದು ಹಸಿವಲ್ಲ, ರೋಗ. ಗೆಡ್ಡೆಯ ಸುತ್ತ ಬಿಳಿ ಗೊಣ್ಣೆಹುಳು ಸುರುಳಿಯಾಗಿ ಮಲಗಿದ್ದರೆ ಕಾರಣ ಕೈಗೇ ಸಿಕ್ಕಿತು. ಅರೆಬರೆ ಕೊಳೆತ ತಿಪ್ಪೆಗೊಬ್ಬರ ಹಾಕಿದಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಎರೆ ಮಣ್ಣಿನಲ್ಲಿ ಗಿಡ ಒಂದೊಂದಾಗಿ ಸಾಯುತ್ತಿದೆ

ಭಾವನ ಕಥೆ ಇಲ್ಲಿ ಬರಬೇಕು. ನನ್ನ ಹೊಲ ನೋಡಿ ಹೋದವರು ಆಳಂದದ ತಮ್ಮ ಎರೆಯಲ್ಲಿ ಅದೇ ಅಳತೆಯ ನಾಟಿ ಕಾಲುವೆ ತೋಡಿ ಅದೇ ರೀತಿ ನೆಟ್ಟರು. "ಭಾವ, ಮಣ್ಣು ಬೇರೆ, ಏರು ಮಡಿ ಮಾಡಿ" ಎಂದೆ. "ತೊಗರಿಗೆ ಆಗುವ ನೆಲ ಇದಕ್ಕೆ ಆಗದೇನು?" ಎಂದರು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಮೇಲೆ ಅವರ ಎರೆ ನೆಲದ ಬಗ್ಗೆ ಮಾತಾಡುವುದು ಮೊದಲೇ ಕಷ್ಟ. ಆಗಸ್ಟ್‌ನಲ್ಲಿ ನಾಲ್ಕು ದಿನ ಜಡಿಮಳೆ ಹಿಡಿಯಿತು. ನನ್ನ ಕಾಲುವೆಯಲ್ಲಿ ನೀರು ಸಂಜೆಗೆ ಇಂಗಿತು, ಅವರದರಲ್ಲಿ ಒಂಬತ್ತು ದಿನ ನಿಂತಿತು.

ಬೀದರಿನ ಕೆಮ್ಮಣ್ಣು ಜಂಬಿಟ್ಟಿಗೆ ಕಲ್ಲಿನದು, ನೀರನ್ನು ಕೆಳಗೆ ಬಿಡುವ ನೆಲ. ಬಹಮನಿ ಕಾಲದವರು ನೌಬಾದಿನಲ್ಲಿ ಕರೇಜ್ ಸುರಂಗ ಕೊರೆದದ್ದು ಹೀಗೆ ಇಂಗಿದ ನೀರನ್ನು ಹಿಡಿಯಲಿಕ್ಕೇ. ಎರೆ ಹಾಗಲ್ಲ: ಮಳೆಗೆ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಉಸಿರುಗಟ್ಟಿದ, ಹರಿದ ಬೇರಿಗೆ ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಹೊಕ್ಕುತ್ತದೆ. ತೊಗರಿಯ ನೆಟೆ ರೋಗ ಕಂಡವರಿಗೆ ಗುರುತು ಹೇಳಿಕೊಡಬೇಕಾಗಿಲ್ಲ. ಅಲ್ಲಿಯೂ ಫ್ಯುಸೇರಿಯಮ್ಮೇ, ಪ್ರಭೇದ ಮಾತ್ರ ಬೇರೆ. ತೊಗರಿಯದು ಆಸ್ಪರಾಗಸ್ಸಿಗೆ ಅಂಟುವುದಿಲ್ಲ. ಪೊದೆಯಲ್ಲಿ ಎಲ್ಲ ದಂಟು ಹಸಿರಿರುವಾಗ ಒಂದು ಮಾತ್ರ ಹಳದಿಯಾಗಿ ಒಣಗಿದರೆ, ಅದನ್ನು ಬುಡದಲ್ಲಿ ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆ ಇದ್ದರೆ, ಸಂಶಯ ಬೇಡ.

ಇದಕ್ಕೆ ಮದ್ದು ಕೇಳುತ್ತಾರೆ. ಹೊಕ್ಕ ಮೇಲೆ ಮದ್ದಿಲ್ಲ. ಗಿಡವನ್ನು ಬೇರು ಸಮೇತ ತೆಗೆದು ಸುಡಬೇಕು. ಅದೇ ಗುಂಡಿಗೆ ಹೊಸ ಆಸ್ಪರಾಗಸ್ ಇಟ್ಟರೆ ಅದೂ ಹೋಗುತ್ತದೆ, ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂತಿರುತ್ತದೆ. ಹಾಗಾಗಿ ನೆಡುವ ಮೊದಲೇ ಪರೀಕ್ಷೆ ಮಾಡಿ: ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಡಿ, ಸಂಜೆ ಮತ್ತೆ ತುಂಬಿ. ಬೆಳಿಗ್ಗೆ ನೀರು ಇನ್ನೂ ನಿಂತಿದ್ದರೆ ಅಲ್ಲಿ ಸಾಲು ತೋಡಬೇಡಿ. ಮೊಣಕಾಲಿನಷ್ಟು ಎತ್ತರದ ಏರು ಮಡಿ ಮಾಡಿ, ಮರಳು, ಗೊಬ್ಬರ ಬೆರೆಸಿ ನೆಡಿ. ಭಾವ ಈಗ ಹಾಗೆಯೇ ಮಾಡಿದ್ದಾರೆ. ಉಳಿದ ಅರವತ್ತು ಗಿಡ ಚೆನ್ನಾಗಿವೆ. ಸಲಹೆ ನನ್ನದೆಂದು ಮಾತ್ರ ಯಾರಿಗೂ ಹೇಳುವುದಿಲ್ಲ.

ಕೆಮ್ಮಣ್ಣಿನವರು ಹಿಗ್ಗಬೇಕಾಗಿಲ್ಲ. ಈ ಗಿಡಕ್ಕೆ ಹುಳಿ ಮಣ್ಣು ಆಗದು, ರಸಸಾರ 6.5ರಿಂದ 7.5ರೊಳಗೆ ಇರಬೇಕು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 6ಕ್ಕಿಂತ ಕೆಳಗೆ ಬಂದರೆ ನೆಡುವ ಕೆಲವು ತಿಂಗಳ ಮೊದಲೇ ಕೃಷಿ ಸುಣ್ಣ ಸೇರಿಸಿ.

ಕುಡಿ ಡೊಂಕಾಗಿ ಏಳುತ್ತಿದೆ

ಕುಡಿಯ ಒಂದು ಮಗ್ಗುಲಿಗೆ ಗಾಯವಾದರೆ ಆ ಮಗ್ಗುಲು ಬೆಳೆಯುವುದು ನಿಲ್ಲುತ್ತದೆ, ಇನ್ನೊಂದು ಮಗ್ಗುಲು ಬೆಳೆಯುತ್ತಲೇ ಇರುತ್ತದೆ. ಕುಡಿ ಗಾಯದ ಕಡೆಗೆ ಬಾಗುತ್ತದೆ. ಇಷ್ಟು ತಿಳಿದರೆ ಉಳಿದದ್ದು ಪತ್ತೇದಾರಿ ಕೆಲಸ. ಸಾಲಿನ ಎಲ್ಲ ಕುಡಿಗಳೂ ಒಂದೇ ದಿಕ್ಕಿಗೆ ಬಾಗಿದ್ದರೆ ಅಪರಾಧಿ ಗಾಳಿ. ನಮ್ಮದು 650 ಮೀಟರಿಗೂ ಎತ್ತರದ ಬಯಲು, ಗಾಳಿಗೆ ತಡೆಯೇ ಇಲ್ಲ, ಅದು ಹಾರಿಸುವ ಮರಳು ಎಳೆ ಕುಡಿಯನ್ನು ಉಜ್ಜುತ್ತದೆ. ಗಾಳಿ ಬರುವ ಕಡೆ ಎರಡು ಸಾಲು ಜೋಳವನ್ನೋ ಸಜ್ಜೆಯನ್ನೋ ಬಿತ್ತಿದರೆ ತಡೆಯಾಗುತ್ತದೆ. ಒಂದೊಂದು ಒಂದೊಂದು ದಿಕ್ಕಿಗೆ ಬಾಗಿದ್ದರೆ ಗರಸಿನ ಕಲ್ಲು, ಹುಳು, ಇಲ್ಲವೇ ನಿಮ್ಮದೇ ಚಾಕು. ಕೊಯ್ಯುವಾಗ ಮಣ್ಣಿನೊಳಗೆ ಚಾಕು ಚುಚ್ಚುವ ಚಾಳಿ ಇದ್ದರೆ ಪಕ್ಕದಲ್ಲಿ ಏಳಲಿರುವ ಕುಡಿಯನ್ನೂ ತಿವಿಯುತ್ತೀರಿ. ನೆಲಮಟ್ಟದಲ್ಲಿ ಕೈಯಿಂದ ಮುರಿಯುವುದೇ ಲೇಸು.

ಗೇಣುದ್ದವಾಗುವ ಮೊದಲೇ ತುದಿ ಬಿಚ್ಚಿಕೊಳ್ಳುತ್ತಿದೆ

ಬಿಸಿಲು. ಬೇರೆ ಕಾರಣ ಹುಡುಕಬೇಡಿ. ಉಷ್ಣಾಂಶ 30 ಡಿಗ್ರಿ ದಾಟಿದರೆ ಬಿಗಿಯಾಗಿರಬೇಕಾದ ತುದಿ ಕುಳ್ಳಗಿರುವಾಗಲೇ ಸಡಿಲವಾಗುತ್ತದೆ, ಬುಡ ನಾರುಗಟ್ಟುತ್ತದೆ. ಫೆಬ್ರವರಿಯಲ್ಲಿ ಬೆಳಿಗ್ಗೆ ಬೆರಳುದ್ದ ಕಂಡದ್ದು ಮರುದಿನ ಬೆಳಿಗ್ಗೆ ಕೈ ಮೀರಿರುತ್ತದೆ. ಆಗ ದಿನಕ್ಕೆ ಎರಡು ಸಲ ಕೊಯ್ದು ಸ್ವಲ್ಪ ದಿನ ತಳ್ಳಬಹುದು. ಕಲಬುರಗಿ, ಯಾದಗಿರಿಯಲ್ಲಿ ಈ ಕಾಟ ಇನ್ನೂ ಮೊದಲೇ ಶುರುವಾಗುತ್ತದೆ. ಅಲ್ಲಿನವರು ಶಿವರಾತ್ರಿಗೆ ಕಾಯದೆ ಸಂಕ್ರಾಂತಿ ಕಳೆದ ಎರಡು ವಾರಕ್ಕೆ ನಿಲ್ಲಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ಪೊದೆ ಕೆಳಗಿನಿಂದ ಒಣಗುತ್ತಿದೆ

ದಂಟಿನ ಮೇಲೆ ಕೆಂಗಂದು ಅಂಚಿನ ಬೂದು ಚುಕ್ಕೆಗಳಿದ್ದರೆ ಸರ್ಕೋಸ್ಪೋರ ಚುಕ್ಕೆ ರೋಗ. ಸವರಿದಾಗ ಬೆರಳಿಗೆ ಕಿತ್ತಳೆ ಪುಡಿ ಹತ್ತಿದರೆ ತುಕ್ಕು ರೋಗ. ಎರಡಕ್ಕೂ ಬೇಕಾದದ್ದು ಒದ್ದೆ ಮತ್ತು ಇಕ್ಕಟ್ಟು. ಸಾಲಿನ ನಡುವೆ ಐದಡಿ ಬಿಡಿ, ಪೊದೆಯ ಕೆಳಗಿನ ಒಂದಡಿಯ ರೆಂಬೆ ಸವರಿ, ತುಂತುರು ನೀರಾವರಿ ಇದ್ದರೆ ಹನಿಗೆ ಬದಲಿಸಿ, ರೋಗ ಬಂದ ದಂಟನ್ನು ಹೊಲದಿಂದ ಹೊರಗೆ ಹಾಕಿ. ಇದನ್ನು ಅಲಕ್ಷ್ಯ ಮಾಡಿದರೆ ಆಗಸ್ಟ್‌ನಲ್ಲೇ ಪೊದೆ ಬೋಳಾಗುತ್ತದೆ, ಡಿಸೆಂಬರ್‌ನಲ್ಲಿ ನನಗೆ ಕರೆ ಬರುತ್ತದೆ.

ಹೊಲದಲ್ಲಿ ನೇರ, ಪೇಟೆಯಲ್ಲಿ ಕೊಕ್ಕೆ

ಹೈದರಾಬಾದ್ ಇಲ್ಲಿಂದ ಸುಮಾರು 140 ಕಿಲೋಮೀಟರ್. ಮೊದಲ ಸಲ ಕುಡಿಗಳನ್ನು ಟೊಮೆಟೊ ಕ್ರೇಟಿನಲ್ಲಿ ಅಡ್ಡ ಮಲಗಿಸಿ ಸಂಜೆಯ ಬಸ್ಸಿಗೆ ಹಾಕಿದೆ. ಮರುದಿನ ಮಧ್ಯಾಹ್ನ ಹೋಟೆಲಿನವರು ಫೋಟೊ ಕಳುಹಿಸಿದರು: ಎಲ್ಲ ಕುಡಿಗಳ ತುದಿಯೂ ಮೇಲಕ್ಕೆ ಎದ್ದಿತ್ತು, ಹೆಡೆ ಎತ್ತಿದ ಹಾವಿನ ಮರಿಗಳಂತೆ. ಕೊಯ್ದ ಮೇಲೂ ಕುಡಿಗೆ ಜೀವವಿರುತ್ತದೆ, ಮಲಗಿಸಿದರೆ ತುದಿ ಆಕಾಶ ಹುಡುಕುತ್ತದೆ. ಈಗ ಬಕೆಟ್ಟಿನಲ್ಲಿ ನಿಲ್ಲಿಸಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಕಳುಹಿಸುತ್ತೇನೆ.

ತಣ್ಣಗಿಡುವುದು ಇನ್ನೂ ಮುಖ್ಯ. ತರಕಾರಿಗಳಲ್ಲೇ ಇದರ ಉಸಿರಾಟ ಬಹಳ ಜೋರು. ಬಿಸಿಲಿನಲ್ಲಿ ಬುಟ್ಟಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಸಿಹಿ ಇಳಿದು, ಕೊಯ್ದ ತುದಿಯಿಂದ ನಾರು ಮೇಲೇರುತ್ತದೆ. ಬೆಳಿಗ್ಗೆ ಏಳರೊಳಗೆ ಕೊಯ್ದು, ತಣ್ಣೀರಿನಲ್ಲಿ ಅದ್ದಿ, ಫ್ರಿಜ್ಜಿನಲ್ಲಿ ನೀರಿನ ಲೋಟದಲ್ಲಿ ಹೂವಿನಂತೆ ನಿಲ್ಲಿಸಿ.

ಒಲೆಯ ಮೇಲಿನ ದೋಷಗಳು

ಜಗಿದಷ್ಟೂ ನಾರು: ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವ ಅಭ್ಯಾಸ ನಮಗಿದೆ. ಇಲ್ಲಿ ಬುಡದ ಕಡೆ ಮುರಿಯಬೇಕು. ನನ್ನ ಹೆಂಡತಿ ಎಡಗೈಯಲ್ಲಿ ನಡು ಹಿಡಿದು ಬಲಗೈಯಿಂದ ಬುಡವನ್ನು ಬಾಗಿಸುತ್ತಾಳೆ. ಎಲ್ಲಿ ತಾನಾಗಿ ಟಪ್ಪೆಂದು ಮುರಿಯುತ್ತದೋ ಅಲ್ಲಿಂದ ಮೇಲಿನದು ಪಲ್ಯಕ್ಕೆ, ಕೆಳಗಿನದು ಸಿಪ್ಪೆ ಹೆರೆದು ಸಾರಿಗೆ. ಬಾಗಿ ಬಾಗಿಯೂ ಮುರಿಯದಿದ್ದರೆ ಕುಡಿ ಹಳೆಯದು.

ಹಸಿರು ಹೋಗಿ ಸೆಗಣಿ ಬಣ್ಣ ಬಂತು: ಹುಣಸೆಯನ್ನು ಮೊದಲೇ ಹಾಕಿದಿರಿ, ಇಲ್ಲವೇ ಮುಚ್ಚಳ ಮುಚ್ಚಿ ಬಹಳ ಹೊತ್ತು ಬೇಯಿಸಿದಿರಿ. ಹುಳಿ ಮತ್ತು ಶಾಖ ಸೇರಿದರೆ ಎಲೆಹಸಿರು ಕೆಡುತ್ತದೆ. ಅದಕ್ಕೇ ಇದನ್ನು ಪುಂಡಿಪಲ್ಯಕ್ಕೆ ಸೇರಿಸಬೇಡಿ, ನಾವು ಮಾಡಿ ನೋಡಿ ಆಗಿದೆ. ನಿಂಬೆ ಬೇಕಿದ್ದರೆ ತಟ್ಟೆಗೆ ಬಡಿಸಿದ ಮೇಲೆ ಹಿಂಡಿ.

ಬೇಳೆಯೊಳಗೆ ಕರಗಿಹೋಯಿತು: ಕುಕ್ಕರಿನಲ್ಲಿ ತೊಗರಿ ಬೇಳೆಯ ಜೊತೆ ಹಾಕಿದರೆ ಇನ್ನೇನಾಗಬೇಕು? ಇದಕ್ಕೆ ಬೇಕಾದದ್ದು ಮೂರು ನಿಮಿಷ, ಸೀಟಿಯಲ್ಲ. ಬೇಳೆ ಬೆಂದು, ಒಗ್ಗರಣೆ ಬಿದ್ದು, ಇಳಿಸುವ ಹೊತ್ತಿಗೆ ಸೇರಿಸಿ. ಎಳ್ಳ ಅಮಾವಾಸ್ಯೆಯ ಭಜ್ಜಿಗೂ ಹಾಗೆಯೇ. ಕಡಲೆ ಸೊಪ್ಪು, ಹಸಿ ಬಟಾಣಿ ಎಲ್ಲ ಕುದಿದು ಒಂದಾದ ಮೇಲೆ ಕೊನೆಗೆ ಒಂದು ಹಿಡಿ ಹಾಕುತ್ತೇವೆ. ಹೊಲಕ್ಕೆ ಚರಗ ಚೆಲ್ಲಲು ಬಂದ ನೆಂಟರು ಮೊದಲ ವರ್ಷ ಅದನ್ನು ಎತ್ತಿ ಬದಿಗಿಟ್ಟರು. ಈಗ ಹುಡುಕಿ ತಿನ್ನುತ್ತಾರೆ.

ನಮ್ಮ ಮನೆಯಲ್ಲಿ ಕೆಡದೆ ಬರುವ ಬಗೆ ಒಂದೇ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು. ಒಂದು ಚಮಚ ಶೇಂಗಾ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಎರಡು ಒಣ ಮೆಣಸಿನಕಾಯಿ, ಆಮೇಲೆ ಎರಡಂಗುಲದ ತುಂಡುಗಳು. ಬುಡದ ತುಂಡು ಮೊದಲು, ಒಂದು ನಿಮಿಷ ಬಿಟ್ಟು ತುದಿ. ಹಸಿರು ಗಾಢವಾಗಿ, ಅಲ್ಲಲ್ಲಿ ಕಪ್ಪು ಕಲೆ ಬಿದ್ದ ಕೂಡಲೆ ಉಪ್ಪು, ಶೇಂಗಾ ಪುಡಿ ಉದುರಿಸಿ ಇಳಿಸಿಬಿಡಬೇಕು. ಬಿಸಿ ಜೋಳದ ರೊಟ್ಟಿ ಪಕ್ಕದಲ್ಲೇ ಇರಲಿ. ಜುಣಕದಂತೆ ಕಡಲೆ ಹಿಟ್ಟು ಹಾಕುವ ಪ್ರಯತ್ನ ನಾನೂ ಮಾಡಿದೆ. ಹಿಟ್ಟು ರುಚಿಯಾಗಿತ್ತು, ಆಸ್ಪರಾಗಸ್ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ದೋಷವಲ್ಲದ ಒಂದು ದೋಷ

ಏರು ಮಡಿಯ ಮೊದಲ ಕೊಯ್ಲು ತಿಂದ ಮರುದಿನ ಭಾವ ಗಾಬರಿಯಿಂದ ಕರೆ ಮಾಡಿದರು. ಅಕ್ಕನಿಗೆ ಕೇಳಬಾರದೆಂದು ದನಿ ತಗ್ಗಿಸಿ, ಮೂತ್ರಕ್ಕೆ ವಿಚಿತ್ರ ವಾಸನೆ ಬರುತ್ತಿದೆ ಎಂದರು. ಆಸ್ಪರಾಗಸ್ಸಿನಲ್ಲಿ ಆಸ್ಪರಾಗಸಿಕ್ ಆಮ್ಲ ಎಂಬ ಗಂಧಕದ ಅಂಶವಿದೆ, ಅದು ಹೊಟ್ಟೆಯಲ್ಲಿ ಒಡೆದು ಗಂಧಕದ ವಾಸನೆಯಾಗಿ ಹೊರಬೀಳುತ್ತದೆ, ಒಂದು ದಿನದಲ್ಲಿ ಹೋಗುತ್ತದೆ, ಕಿಡ್ನಿಗೆ ಏನೂ ಆಗಿಲ್ಲ ಎಂದು ಹೇಳಿದೆ. ಆ ವಾಸನೆ ಕೆಲವರ ಮೂಗಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದೇ ಇಲ್ಲ ಎಂದೂ ಹೇಳಿದೆ. ಅಷ್ಟರಲ್ಲಿ ಅವರು ಕಲಬುರಗಿಗೆ ಹೋಗಿ ತಪಾಸಣೆಗೆ ಕೊಟ್ಟು ಬಂದಾಗಿತ್ತು. ವರದಿಯಲ್ಲಿ ಎಲ್ಲ ಸರಿಯಿತ್ತು. "ನಿನಗೂ ಬರುತ್ತದೆಯೇ?" ಎಂದು ಕೇಳಿದರು. ಏಳು ವರ್ಷದಿಂದ ತಿನ್ನುತ್ತಿದ್ದೇನೆ, ನನಗೆ ಒಂದು ದಿನವೂ ಗೊತ್ತಾಗಿಲ್ಲ ಎಂದೆ. ಅವರು ನಂಬಲಿಲ್ಲ.